ಒಳಗೆ ಬಿಟ್ಟ ಬಟ್ಟೆ

ರವಿಕೆ ಕತ್ತರಿಸಿ ಉಳಿದ ರುಬಿಯಾ ಚೂರುಗಳನ್ನು
ಎಸೆಯದೆ ಬುಟ್ಟಿಯಲ್ಲಿ ತುಂಬಿಟ್ಟಿದ್ದೆ, ಯಾತಕ್ಕೆಂದು ಗೊತ್ತಿರಲಿಲ್ಲ.
ಗಿಳಿಹಸಿರು, ಬದನೆಬಣ್ಣ, ಯಾರದೋ ನಿಶ್ಚಿತಾರ್ಥದ ಅರಿಶಿನ.
ಅಳತೆ ಕೊಡಲು ಬಂದ ಸಿಸ್ಟರ್ ಜಸಿಂತಾ
ಬುಟ್ಟಿಯೊಳಗೆ ಕೈಯಾಡಿಸಿ ಕೇಳಿದರು:
‘ಇದರಲ್ಲಿ ಟೋಪಿ ಆಗತ್ತಾ? ಸಣ್ಣ ತಲೆಗೆ.
ಕೂದಲಿಲ್ಲದ ತಲೆಗೆ.’

ಅಂದಿನಿಂದ ಗುರುವಾರ ಗುರುವಾರ
ಕ್ಯಾತಮಾರನಹಳ್ಳಿಯಲ್ಲಿ ಸಿಟಿ ಬಸ್ಸು ಹತ್ತಿ
ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗುತ್ತೇನೆ,
ಬಿಸಿನೀರಲ್ಲಿ ಒಗೆದು, ಇಸ್ತ್ರಿ ಮಾಡಿ,
ಒಂದೊಂದನ್ನೂ ಬೇರೆ ಬೇರೆ ಕವರಿಗೆ ಹಾಕಿ.
ಗುಂಡಿ ಬೇಡ, ಜರಿ ಬೇಡ, ಚುಚ್ಚುವುದೇನೂ ಬೇಡ.
ಮೊದಲ ಸಲ ಟೇಪು ಹಿಡಿದಾಗ ಕೈ ನಡುಗಿತ್ತು:
ಹತ್ತೊಂಬತ್ತು. ಹತ್ತೊಂಬತ್ತೂವರೆ. ಇಪ್ಪತ್ತಕ್ಕೆ ಕಾಲು ಕಮ್ಮಿ.
ಇಷ್ಟು ವರ್ಷ ಎದೆ, ತೋಳು, ಸೊಂಟ ಬರೆದ ಪುಸ್ತಕದಲ್ಲಿ
ಈಗ ಬರೀ ತಲೆಗಳು.

ನನಗೆ ಪ್ರಾರ್ಥನೆ ಬರುವುದಿಲ್ಲ.
ಅತ್ತೆ ಹೊತ್ತ ಹರಕೆಗಳನ್ನೆಲ್ಲ ತೀರಿಸಿ ಮುಗಿಸುವಷ್ಟರಲ್ಲಿ
ಕೇಳುವ ಅಭ್ಯಾಸವೇ ತಪ್ಪಿಹೋಯಿತು.
ಆದರೆ ತಾಯಂದಿರು ಹೇಳುವುದುಂಟಲ್ಲ,
‘ಬೆಳೆಯೋ ಕೂಸು ಕಣಕ್ಕ, ಒಳಗೆ ಬಟ್ಟೆ ಬಿಟ್ಟು ಹೊಲಿ’ ಎಂದು,
ಹಾಗೆ ಬಿಟ್ಟೆ. ಪ್ರತಿ ಟೋಪಿಗೂ ಅರ್ಧ ಇಂಚು.
ಸಿಸ್ಟರ್ ನಕ್ಕರು: ‘ತಲೆ ಅಷ್ಟು ಬೇಗ ಬೆಳೆಯೋದಿಲ್ಲಮ್ಮ.’
ಗೊತ್ತು, ಎಂದೆ.

ಏಳನೇ ಮಂಚದಲ್ಲಿ ಪೂರ್ವಿಕಾ, ಕಿಕ್ಕೇರಿ ಕಡೆಯವಳು, ಆರೂವರೆ ವರ್ಷ.
ಟೋಪಿಯನ್ನು ಒಳಹೊರಗು ಮಾಡಿ ನೋಡಿ ‘ಜೇಬೆಲ್ಲಿ?’ ಎಂದಳು.
ಟೋಪಿಗೆ ಯಾರಾದರೂ ಜೇಬು ಇಡುತ್ತಾರಾ?
‘ಸ್ಕ್ಯಾನಿಂಗ್ ರೂಮಲ್ಲಿ ಎಲ್ಲಾ ಬಿಚ್ಚುಸ್ತಾರೆ ಕಣಕ್ಕ.’
ಎಲ್ಲಾ ಎಂದರೆ
ಅಜ್ಜಿ ಮಾದಪ್ಪನ ಬೆಟ್ಟದಿಂದ ತಂದ ಕರಿದಾರ,
ಪಕ್ಕದ ಮಂಚದ ಹುಡುಗನ ಅಮ್ಮಿ ಕಟ್ಟಿದ ತಾಯತ,
ಸಿಸ್ಟರ್ ಕೊಟ್ಟ, ಉಗುರಿನಷ್ಟಗಲ, ಮರಿಯಮ್ಮನವರ ಪದಕ.
ಅವಳವ್ವ ಅಷ್ಟನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು
ಬಾಗಿಲಾಚೆ ನಿಂತಿರುತ್ತಾಳೆ,
ಎಲ್ಲ ದೇವರೂ ಒಂದೇ ಗಂಟಿನಲ್ಲಿ ಉಸಿರು ಬಿಗಿಹಿಡಿದು.

ಜೇಬು ಇಟ್ಟೆ. ಬದನೆಬಣ್ಣದ ಟೋಪಿಗೆ ಅರಿಶಿನದ ಜೇಬು.
ಆಮೇಲೆ ವಾರ್ಡಿನ ಹನ್ನೊಂದು ಮಕ್ಕಳಿಗೂ ಜೇಬು ಬೇಕಾಯಿತು.

ಹುಟ್ಟುಹಬ್ಬದವರು ಬರುತ್ತಾರೆ, ಸೇಬು ಹಂಚಿ ಫೋಟೋ ಹಿಡಿದು ಹೋಗುತ್ತಾರೆ.
ಬೈಯಲು ನನಗೆ ಮನಸ್ಸಿಲ್ಲ. ಸೇಬು ಸೇಬೇ;
ಕೊಡುವವರ ಮುಖವೂ ಹೆದರಿರುತ್ತದೆ.
ಯಾರೋ ತಂದ ದೊಡ್ಡ ಕರಡಿಗೊಂಬೆ, ಧೂಳು ಹಿಡಿಯುತ್ತದೆಂದು ಒಳಗೆ ಬಿಡದೆ,
ಮೂರು ತಿಂಗಳಿಂದ ವಾಚ್‌ಮನ್ ಪಕ್ಕ ಕುರ್ಚಿಯಲ್ಲಿ ಕೂತಿದೆ.
ಮಕ್ಕಳು ಗಾಜಿನೊಳಗಿಂದ ಅದಕ್ಕೆ ಕೈ ಬೀಸುತ್ತಾರೆ.

ಒಂದು ಗುರುವಾರ ಪೂರ್ವಿಕಾ ಕೇಳಿದಳು,
‘ಅಕ್ಕ, ನಿಮ್ದು ಹೆಂಚಿನ ಮನೇನಾ?’
ಹೌದೆಂದೆ. ಅವಳು ಮತ್ತೇನೂ ಹೇಳಲಿಲ್ಲ.
ನಾಲಗೆಯಿಂದ ಮುಂದಿನ ಹಲ್ಲೊಂದನ್ನು ಅಲ್ಲಾಡಿಸುತ್ತ ಕೂತಿದ್ದಳು.

ಮುಂದಿನ ವಾರ ಏಳನೇ ಮಂಚ ಖಾಲಿ, ಹೊಸ ಹೊದಿಕೆ.
‘ಬೆಂಗ್ಳೂರಿಗೆ ಬರೆದುಕೊಟ್ರು, ರಾತ್ರೋರಾತ್ರಿ ಹೋದ್ರು’ ಎನ್ನುತ್ತ
ಆಯಾ ಪುಟ್ಟನಂಜಮ್ಮ ನನ್ನ ಕೈಗೆ ಟೋಪಿ ಇಟ್ಟಳು.
ಜೇಬಿನಲ್ಲಿ ಹತ್ತಿ. ಹತ್ತಿಯೊಳಗೆ
ಅಕ್ಕಿಕಾಳಿನಂಥ ಹಲ್ಲು.
‘ಇಲ್ಲಿ ಹೆಂಚಿಲ್ವಂತೆ, ಬರೀ ತಾರಸಿಯಂತೆ.
ನಿಮ್ಮನೆ ಮೇಲೆ ಎಸೀಬೇಕಂತೆ.’

ಹಾಲಿನ ಕೆಂಪರಾಜು ಕೊಟ್ಟಿಗೆಯಿಂದ ಸಗಣಿ ತಂದೆ.
ಹಲ್ಲು ಹುದುಗಿಸಿ, ಉಂಡೆ ಕಟ್ಟಿ, ಎಸೆದೆ.
ಹೆಂಚಿನ ಮೇಲೆ ಉರುಳಿ ಕಾಲಬುಡಕ್ಕೇ ಬಿತ್ತು.
ಐವತ್ತೆರಡರ ಹೆಂಗಸು, ನಡುಬೀದಿಯಲ್ಲಿ, ಮತ್ತೆ ಎಸೆದೆ.
ಮತ್ತೆ.
ನಾಲ್ಕನೆಯ ಸಲ ನಿಂತಿತು, ಒಡೆದ ಹೆಂಚಿನ ಸಂದಿಯಲ್ಲಿ.

ಹೊಸ ಹಲ್ಲಿಗೆ ಎಷ್ಟು ದಿನ ಬೇಕೆಂದು
ಕೆಂಪರಾಜುವಿನ ಹೆಂಡತಿಯನ್ನು ಕೇಳಿದೆ.
‘ಮೂರು ತಿಂಗಳು. ಕೆಲವಕ್ಕೆ ಆರು.’

ಸಗಣಿ ಕೈಯಲ್ಲೇ ಸೂರಿನ ಕಡೆ ನೋಡುತ್ತ
ಎಷ್ಟೋ ವರ್ಷದ ಮೇಲೆ ಕೇಳಿದೆ.
ಅಳತೆ ಹೇಳಿಯೇ ಕೇಳಿದೆ:
ಆರು ತಿಂಗಳು,
ಒಳಗೆ ಬಟ್ಟೆ ಬಿಟ್ಟು.